ಎಂಟು ದಿನದ ವಾರ

ಪೆಟ್ಟಿಗಿ ಅಂದ್ರ ಭಾಳ ಏನಿಲ್ಲ,
ಹಳೇ ಸ್ಟಾರ್ಟರಿನ ತಗಡಿನ ಡಬ್ಬಿ,
ಒಳಗ ಹುಬ್ಬಳ್ಳಿಯಿಂದ ತಂದ ಬೆರಳುದ್ದದ ಬೋರ್ಡು,
ನಾಲ್ಕು ರಿಲೇ, ನಾಲ್ಕು ವಾಲ್ವಿಗೆ ಹೋಗುವ
ನಾಲ್ಕು ಬಣ್ಣದ ವೈರು.
ಮೋಟಾರು ಸುತ್ತುವ ಕೈ ನಂದು, ತಾಮ್ರ ಗೊತ್ತು;
ಪ್ರೋಗ್ರಾಮು ಗೊತ್ತಿರಲಿಲ್ಲ.
ಮಳಿಗಾಲ ಮುಗಿಯೂದರಾಗ ಅದನ್ನೂ ಕಲಿತೆ,
ಅರ್ಧ ಮೊಬೈಲ್ ನೋಡಿ,
ಅರ್ಧ ಮಗಳ ಕಡೆ ಬೈಸಿಕೊಂಡು.

ಮೊದಲನೇ ವಾಲ್ವು ಮಲ್ಲಿಗಿಗೆ,
ಎರಡನೇದು ಬದನಿ, ಮೆಣಸಿನಗಿಡಕ್ಕ,
ಮೂರನೇದು ಹಿತ್ತಲದ ಕರಿಬೇವಿಗೆ,
ನಾಲ್ಕನೇದು ಯಾವುದಕ್ಕೂ ಇಲ್ಲ.
ಮತ್ತ ಯಾಕ ಕೂಡಿಸಿದಿ, ಅಂದಳು ಸಾವಂತ್ರಿ.
ಇರಲಿ ಬಿಡು ಅಂದೆ,
ಮನ್ಯಾಗ ಒಂದು ಹೆಚ್ಚಿನ ತಾಟು ಇಟ್ಟಿರೂದಿಲ್ಲೇನು, ಹಂಗ.

ಬೆಳಿಗ್ಗೆ ಐದೂವರಿಗೆ ಟಕ್ ಅಂತು.
ಹಿತ್ತಲದಾಗ ನೀರು ಕೊಡಿಯಾಗಿ ಬಿಚ್ಚಿತು.
ಮೂರು ದಿನ ಅರಸನಂಗ ಅಡ್ಡಾಡಿದೆ.
ನಾಲ್ಕನೇ ದಿನ ಟಕ್ ಅಂತು. ಬರೇ ಟಕ್.
ಟಾಕಿ ಬರಿದಾಗಿತ್ತು.

ತಪ್ಪು ತಿಳಿಯಲಿಕ್ಕೆ ಹೊತ್ತು ಹಿಡೀತು.
ಈ ಪ್ರೋಗ್ರಾಮು ಬರೆದಾವ ಯಾವ ಊರಾವೋ,
ಅವನ ವಾರಕ್ಕ ಏಳೇ ದಿನ:
ಸೋಮವಾರಕ್ಕೊಂದು ಚೌಕ, ಮಂಗಳವಾರಕ್ಕೊಂದು,
ಟಿಕ್ ಹಾಕು, ಮುಗೀತು.
ಬೆಟಗೇರಿ ನಳದ ವಾರಕ್ಕ ಎಂಟು ದಿನ,
ಪೈಪು ಒಡೆದರ ಹನ್ನೊಂದು,
ಜಾಕ್‌ವೆಲ್ಲಿನಾಗ ಕರೆಂಟು ಹೋದರ
ದೇವರೇ ಲೆಕ್ಕ ಇಡಬೇಕು.
ಅಂಥ ದಿನಕ್ಕ ಏನಂತ ಹೆಸರು?
ರವಿವಾರದ ಬೆನ್ನಿಗೆ, ಸೋಮವಾರದ ಮುಂದ
ಇನ್ನೊಂದು ಚೌಕ ಕೊರದೆ,
ನಳವಾರ ಅಂತ ಬರದೆ.

ನಳವಾರ ಎಂದು ಬಂತು ಅಂತ
ಪೆಟ್ಟಿಗಿಗೆ ಹೆಂಗ ತಿಳೀಬೇಕು?
ನೀರಿಗಿಂತ ಮೊದಲು ಗಾಳಿ ಬರತೈತಿ,
ಬೀಗರು ಕೆಮ್ಮಿ ಒಳಗ ಬಂದಂಗ.
ಆ ಕೆಮ್ಮು ಹಿಡಿಯಲಿಕ್ಕೆ ಹಳೇ ಫೋನಿನ ಮೈಕು ಕಿತ್ತು
ಸೈಕಲ್ ಟ್ಯೂಬಿನಿಂದ ನಳದ ಕೊರಳಿಗೆ ಬಿಗಿದೆ.
ಸುಸ್ ಅಂದ್ರ ಬಜರ್ ಕೂಗಬೇಕು,
ಪಂಪು ತಾನ ಏಳಬೇಕು.

ಬಜರ್ ಮೊದಲ ಸಲ ಕೂಗಿದ್ದು ಕುಕ್ಕರಿನ ಸೀಟಿಗೆ.
ಆಮೇಲೊಮ್ಮೆ, ಸರಿರಾತ್ರಿ,
ಹುಬ್ಬಳ್ಳಿ ಕಡೆ ಹೊಂಟ ಗೂಡ್ಸ್ ಗಾಡಿಗೆ.
ಓಣಿ ತುಂಬ ಹೆಂಗಸರು ಕೊಡ ಹಿಡಕೊಂಡು ನಿಂತರು.
ನಳ ಒಣಗಿತ್ತು, ನನ್ನ ಬಾಯಿನೂ.
ಗಾಡಿಯ ದನಿ ದಪ್ಪ, ಗಾಳಿಯ ದನಿ ಸಣ್ಣ,
ದಪ್ಪ ಬಿಡು ಸಣ್ಣದು ಹಿಡಿ ಅಂತ ತಿದ್ದಿ ಬರದೆ.
ದೀಪಾವಳಿ ಹೊತ್ತಿಗೆ
ಹತ್ತಕ್ಕ ಎಂಟು ಸಲ ಖರೇ ಹೇಳತಿತ್ತು.
ಮಲ್ಲಿಗಿ ಹೆಂಗೈತಿ ಅಂತ ಯಾರೂ ಕೇಳಲಿಲ್ಲ.
ಹಾದಿಯಾಗ ಕಂಡವರು ಕೇಳೂದು:
ನಿನ್ನ ಡಬ್ಬಿ ಇವತ್ತ ಏನಂತೈತಿ?

ಎದುರುಮನಿ ಜೈತುನಬಿ ಮಾತ್ರ ಕೇಳಲಿಲ್ಲ.
ರಾತ್ರಿ ಎರಡಾದರೂ ಕಂಡಿಕಿ ಸುತ್ತತಿರತಾಳ,
ರಾಟಿ ತಿರುವುತ್ತ ತಿರುವುತ್ತ ಒಮ್ಮೆಲೆ ನಿಲ್ಲಿಸತಾಳ,
ಎದ್ದು ನಳಕ್ಕ ಕೊಡ ಹಚ್ಚತಾಳ.
ಐದು ನಿಮಿಷದ ಮ್ಯಾಲೆ ನನ್ನ ಬಜರ್ ಕೂಗತೈತಿ.
ಐದು ನಿಮಿಷ! ಗಡಿಯಾರ ಹಿಡಿದು ನೋಡೀನಿ.
ಹೆಂಗ ತಿಳೀತೈತಿ ನಿನಗ ಅಂದೆ.
ಮ್ಯಾಲಿನ ಓಣಿಯಾಗ ಪೈಪು ಸೋರತೈತಲ್ಲ,
ನೀರು ಬಿಟ್ಟ ಕೂಡಲೇ
ಮೋರಿಯಾಗಿನ ಕಪ್ಪಿ ಸುಮ್ಮನಾಗತಾವ, ಅಂದಳು,
ಎಳಿ ಹರದೀತು, ಮಾತಾಡಿಸಬ್ಯಾಡ.

ಕಪ್ಪಿ ಸುಮ್ಮನಾದದ್ದನ್ನ ಕೇಳುವ ಮೈಕು
ಯಾವ ಅಂಗಡಿಯಾಗ ಸಿಗತೈತಿ?
ಓಣಿ ಅಡ್ಡ ವೈರು ಎಳೆದೆ,
ಆಕಿ ರಾಟಿ ಹತ್ತರ ಕರೆಗಂಟಿಯ ಗುಂಡಿ ಕೂಡಿಸಿದೆ.
ಒತ್ತತೀಯೇನವಾ?
ಕೈಯಾನ ನೂಲು ಒರೆಸಿಕೊಂಡು ಗುಂಡಿ ನೋಡಿದಳು.
ಪುಕ್ಕಟ ಒತ್ತೂದಿಲ್ಲ.
ಹೊಸ್ತಿಲ ಬಾಜೂಕ ಮದರಂಗಿ ಗಿಡ ಬಾಡೇತಿ,
ನಿನ್ನ ನೀರು ಅದಕ್ಕೂ ತಿರುಗಲಿ.

ನಾಲ್ಕನೇ ವಾಲ್ವಿನ ಪೈಪು ಓಣಿ ದಾಟಿತು,
ಒಂದು ಗೇಣು ಹುಗಿದೆ, ಆಟೋ ಹಾಯತಾವ,
ಮುನ್ಸಿಪಾಲ್ಟಿಯವರನ್ನ ಕೇಳಲಿಲ್ಲ.

ನಿನ್ನೆ ಒತ್ತಿದಳು. ಎರಡೂ ಹತ್ತು.
ಬಜರ್ ಕೂಗಿತು, ಓಣಿ ಎದ್ದಿತು,
ನಾನು ಏಳಲಿಲ್ಲ,
ಕಪ್ಪಿ ಸುಮ್ಮನಿರೂದು ನನಗೂ ಕೇಳಿಸೀತೇನು ಅಂತ
ಕಿವಿ ಕೊಟ್ಟು ಮಲಗಿದ್ದೆ.
ಸಾವಂತ್ರಿ ಹೊದಿಕಿ ಎಳೆದಳು:
ಕೊಡ ಹಿಡಿ.