ವಿಧ್ಯರ್ಥ, ಸೆತ್ ಬಂದರು

ಮಂಗಳವಾರ ಸಂಜೆ, ಮೀನು ಹರಾಜುಕಟ್ಟೆಯ ಮೇಲಂತಸ್ತು.
ಸೋಲಾಂಜ್ ಕಬ್ರೋಲ್ ಮೇಡಂ ಹಲಗೆಯ ಮೇಲೆ ಬರೆದ
'ನೀನು' ಎಂಬುದನ್ನು ಅಂಗೈಯಿಂದಲೇ ಒರೆಸುತ್ತಾರೆ.
"ಅಪ್ಪಣೆಗೆ ಕರ್ತೃ ಯಾಕೆ? ಎದುರಿಗೇ ನಿಂತಿದ್ದಾನಲ್ಲ!"

ಮೂವತ್ತೊಂದು ವರ್ಷ ಪ್ರವಾಸಿ ಕಚೇರಿಯ ಕಿಟಕಿಯಲ್ಲಿ ಕೂತು
ಬಂದವರನ್ನೆಲ್ಲ ಕ್ರಿಯಾಪದಗಳಿಂದಲೇ ಅಟ್ಟಿದವರು:
ಸೇಂಟ್ ಕ್ಲೇರ್ ಗುಡ್ಡ ಹತ್ತಿ, ಬಿಸಿಲೇರುವ ಮುಂಚೆ.
ತಿಯೆಲ್ ತಿನ್ನಿ, ಆಕ್ಟೋಪಸ್ ತುಂಬಿದ ಕಡುಬು,
ಚಮಚ ಕೇಳಬೇಡಿ, ನಗುತ್ತಾರೆ.
ಟೋಪಿ ಮರೆಯಬೇಡಿ.
ಗಾಳಿ ಎದ್ದಿತೋ, ಟೋಪಿಯನ್ನು ಮರೆತುಬಿಡಿ.

ಇವತ್ತಿನ ಅಭ್ಯಾಸ: ನಿಮ್ಮೂರಿಗೆ ಹೊರಟ
ಅಪರಿಚಿತರಿಗೆ ಐದು ಸಲಹೆ.
ಲೆಸ್ಯಾ ಬರೆದದ್ದು ಒಂದೇ: ಈಗ ಹೋಗಬೇಡಿ.
ಉಳಿದ ನಾಲ್ಕನ್ನು ಮೇಡಂ ಕೇಳಲಿಲ್ಲ.

ಮಂಜುಗಡ್ಡೆ ಹೊತ್ತು ಬೆರಳು ಸೆಟೆದ ಹಮ್ಮೂ
ಎದ್ದು ನಿಂತು ಓದಿದ:
ನಾದೋರಿನಲ್ಲಿ ಹಡಗಿಳಿದು ಟ್ಯಾಕ್ಸಿ ಹಿಡಿಯಬೇಡಿ, ನಡೆಯಿರಿ.
ಟೈರ್ ಅಂಗಡಿಯ ಪಕ್ಕ ಮಿಮೂನ್ ಅಂತ ಕೇಳಿ, ನನ್ನ ತಮ್ಮ.
ಮೂರು ಲೋಟ ಚಹಾವನ್ನೂ ಕುಡಿಯಿರಿ,
ಸಕ್ಕರೆಯ ಮಾತೆತ್ತಬೇಡಿ.
ಹೇಳಿ ಅವನಿಗೆ, ನಾನು ಆಫೀಸಿನಲ್ಲಿದ್ದೇನೆಂದು.
ಹೇಳಬೇಡಿ ಅವನಿಗೆ, ಮೀನಿನ ಪೆಟ್ಟಿಗೆಗಳ ವಿಷಯ.

ಕೆಂಪು ಪೆನ್ನು ಎದ್ದಿತು. "ಕೊನೆಯ ಸಾಲು ತಪ್ಪು.
'ಹೇಳಿ' ಎನ್ನುವಾಗ 'ಅವನಿಗೆ' ಹಿಂದೆ ಬರುತ್ತದೆ,
ಅಡ್ಡಗೆರೆಗೆ ಜೋತುಬಿದ್ದು.
'ಹೇಳಬೇಡಿ' ಎನ್ನುವಾಗ ಕ್ರಿಯೆಗಿಂತ ಮುಂದೆ ನಿಲ್ಲಬೇಕು."
ಹಮ್ಮೂ ತಿದ್ದಿದ. ಹಾಗಾಗಿ ಮಿಮೂನ್
ಮುಚ್ಚಿಟ್ಟ ಮಾತಿನ ಬಾಗಿಲಲ್ಲೇ ಬಂದು ನಿಂತ,
ಕೈಯಲ್ಲಿ ಬಿಸಿ ಲೋಟ.

"ಹೋಗು ಎಂದರೆ 'ವಾ'," ಅಂದ ಹಮ್ಮೂ ಹಟಕ್ಕೆ ಬಿದ್ದು,
"ನೀನು ಹೋಗುತ್ತೀ ಎನ್ನುವಾಗ ಇದ್ದ ಎಸ್ ಎಲ್ಲಿ ಹೋಯಿತು?"
"ಬರೀ ಹೋಗು ಎಂದರೆ ಉದುರಿ ಬೀಳುತ್ತದೆ.
'ಅಲ್ಲಿಗೆ' ಎಂಬ ಒಂದಕ್ಷರ ಪಕ್ಕಕ್ಕೆ ಬರಲಿ,
ತಾನಾಗಿ ಮರಳುತ್ತದೆ: ವಾಜ಼ೀ."

ನನ್ನ ಕಿವಿಗೋ ಆ 'ವಾ' ಇನ್ನೂ 'ಬಾ' ಎಂದೇ ಬೀಳುತ್ತದೆ.
ಯಾರನ್ನು ಯಾರು ಕಳಿಸಿದರೂ
ಕರೆದಂತಾಗಿ ತಲೆಯೆತ್ತುತ್ತೇನೆ.

ಕೆಳಗೆ ನಾದೋರಿನ ಹಡಗು ಕೂಗಿತು, ಗಾಜು ಅದುರಿತು.
"ನೀವು ಹತ್ತಿದ್ದೀರಾ, ಮೇಡಂ, ಒಮ್ಮೆಯಾದರೂ?" ಲೆಸ್ಯಾ ಕೇಳಿದಳು.
ಸೋಲಾಂಜ್ ಸೀಮೆಸುಣ್ಣದ ಬೆರಳು ಸ್ಕರ್ಟಿಗೆ ಒರೆಸಿಕೊಂಡರು.
"ಎಡಕ್ಕೆ ತಿರುಗಿ," ಅಂದರು, "ಮೂರನೆಯ ಕೌಂಟರ್.
ಪಾಸ್‌ಪೋರ್ಟ್ ಮರೆಯಬೇಡಿ."