ನಾಲ್ಕನೆಯ ಗಿಡ

ಗ್ವಾವ್ ಊರಿನ ಜಾಯಿಕಾಯಿ ಮಂಡಿಯಲ್ಲಿ
ನನ್ನ ಕೆಲಸ ನೀರಿನ ತೊಟ್ಟಿಯ ಮುಂದೆ.
ಮುಳುಗಿದ್ದು ಗಟ್ಟಿ, ಹಡಗಿಗೆ.
ತೇಲಿದ್ದು ಜೊಳ್ಳು, ಎಣ್ಣೆಗೆ.
ದಿನವಿಡೀ ತೇಲಿದವರನ್ನು ಬಾಚಿ ತೆಗೆಯುತ್ತೇನೆ,
ಅಂಗೈ ಮೂಸಿದರೆ ಭಾನುವಾರವೂ ಅದೇ ವಾಸನೆ.
ಅಮ್ಮ ಅನ್ನುತ್ತಾಳೆ: ನಿಮ್ಮಪ್ಪನೂ ತೇಲಿದವನೇ.

ಬಿರುಗಾಳಿಯ ವರ್ಷ ನನಗೆ ಒಂಬತ್ತು.
ಒಂದೇ ಮಧ್ಯಾಹ್ನ. ಗುಡ್ಡದ ಮರಗಳೆಲ್ಲ
ಬೇರು ಮೇಲಾಗಿ ಮಲಗಿದವು,
ನಮ್ಮ ಮಾಡಿನ ತಗಡು ಪಕ್ಕದ ಊರಲ್ಲಿ ಸಿಕ್ಕಿತು.
ಅಪ್ಪ ಟ್ರಿನಿಡಾಡಿನ ಎಣ್ಣೆಬಾವಿಗೆ ಹೊರಟ,
ಹೊಸ ತಗಡಿಗೆ ದುಡ್ಡು ಕಳಿಸುತ್ತೇನೆ ಎಂದ.
ಅಮ್ಮ ನಾಲ್ಕು ಬೀಜ ಊರಿದಳು.

ಈ ಗಿಡ ಗುಟ್ಟು ಬಿಡುವುದಿಲ್ಲ.
ಹೆಣ್ಣೋ ಗಂಡೋ, ಹೂ ಬಿಡುವ ತನಕ
ಪಾದ್ರಿಯನ್ನು ಕೇಳಿದರೂ ಇಲ್ಲ.
ಏಳು ವರ್ಷ ಬಾಳೆಯ ನೆರಳು, ಆಡಿನ ಗೊಬ್ಬರ, ಕೊಡದ ನೀರು;
ಏಳು ವರ್ಷ, ಯಾರಿಗೆಂದು ತಿಳಿಯದೆ ಬಡಿಸಿದ ಊಟ.

ಮೂರು ಹೆಣ್ಣಾದವು.
ಹಳದಿ ಕಾಯಿ ತಾನಾಗಿ ಬಿರಿಯುತ್ತದೆ,
ಒಳಗೆ ಮಿರುಗುವ ಕಪ್ಪು, ಅದನ್ನು ಬಿಗಿದಪ್ಪಿದ
ಹಸಿಹಸಿ ಕೆಂಪು ಜಾಪತ್ರೆ.
ತಿರುಳು ಜಾಮಿಗೆ.
ಕೋಕೋ ಚಹಕ್ಕೆ ಒಂದು ತುರಿ, ಒಂದೇ;
ಕೈ ಮೀರಿದರೆ ತಲೆ ಗಿರ್ರೆನ್ನುತ್ತದೆ.
ಚಿಪ್ಪೆಲ್ಲ ಅಂಗಳದ ದಾರಿಗೆ, ಯಾರು ಬಂದರೂ ಕರುಂ ಎಂದು ಹೇಳಿಬಿಡುತ್ತದೆ.
ಮಂಡಿಯಿಂದ ತಂದ ಎಣ್ಣೆ ಅಮ್ಮನ ಮಂಡಿಗೆ.

ನಾಲ್ಕನೆಯದು ಗಂಡು.
ಕೊಂಬೆ ತುಂಬ ಮೇಣದಂಥ ಹೂವಿನ ಗೊಂಚಲು,
ಮದುವೆ ಮನೆಯ ಸಡಗರ, ಕಾಯಿ ಮಾತ್ರ ಸೊನ್ನೆ.
ಬೇಲಿಯಾಚೆಯ ಲೈನಸ್ ಕತ್ತಿ ಹಿಡಿದೇ ಬಂದ:
"ಕಡಿದುಬಿಡು ಕ್ಲೋಟಿಲ್ಡ. ಉಂಡು ಸುಮ್ಮನೆ ನಿಲ್ಲುವ ಜಾತಿ."
ಅಮ್ಮ ಕತ್ತಿಯನ್ನು ನೋಡಿದಳು. ಮರವನ್ನು ನೋಡಿದಳು.
"ನಿಂತಿದೆಯಲ್ಲ," ಎಂದಳು.
ಬಟ್ಟೆ ಒಣಗಿಸುವ ಹಗ್ಗದ ಒಂದು ತುದಿಯನ್ನು
ಅದರ ಸೊಂಟಕ್ಕೆ ಕಟ್ಟಿದಳು.

ಇರುಳಲ್ಲಿ ಎಳ್ಳುಕಾಳಿನಷ್ಟು ಹುಳುಗಳು
ಆ ಹೂವಿನಿಂದೆದ್ದು ಬೇಲಿ ದಾಟುತ್ತಿದ್ದಿರಬೇಕು;
ನಾವು ಯಾರೂ ನೋಡಲಿಲ್ಲ.
ಮರುವರ್ಷ, ಹಳ್ಳದ ದಂಡೆಯ ಲೈನಸನ ಮರಗಳು,
ಗೊಡ್ಡು ಗೊಡ್ಡು ಎಂದು ಅವನೇ ಬೈಯುತ್ತಿದ್ದಂಥವು,
ಟೊಂಗೆ ನೆಲ ಮುಟ್ಟುವಷ್ಟು ಬಿಟ್ಟವು.

ಕ್ರಿಸ್‌ಮಸ್ಸಿಗೆ ನಾಲ್ಕು ದಿನ ಇರುವಾಗ
ನಸುಕಿನಲ್ಲಿ ಚಿಪ್ಪಿನ ದಾರಿ ಕರುಂ ಎಂದಿತು.
ಬಾಗಿಲು ತೆರೆಯುವಷ್ಟರಲ್ಲಿ ಯಾರೂ ಇಲ್ಲ.
ಮೆಟ್ಟಿಲ ಮೇಲೆ ಅರ್ಧ ಗೋಣಿ ಜಾಯಿಕಾಯಿ,
ಬಾಯಿಗೆ ಲೈನಸನ ಹಳೆಯ ಬೂಟಿನ ದಾರ.
ಅಮ್ಮ ಹೊಟ್ಟೆ ಹಿಡಿದು ನಕ್ಕಳು, ಕಣ್ಣೀರು ಬರುವಷ್ಟು:
"ಮಕ್ಕಳ ಖರ್ಚಿಗೆ ಅಂತ ಕೊಟ್ಟು ಹೋಗಿದ್ದಾನೆ ಕಣೇ!
ಈ ಮನೆಗೆ ಇದೇ ಮೊದಲ ಸಲ."

ಮಂಡಿಗೆ ಸೇರಿ ಆಗ ಎರಡು ತಿಂಗಳು. ಕೈ ಕೇಳಲಿಲ್ಲ,
ಗೋಣಿಯನ್ನು ಬಕೆಟ್ಟಿಗೆ ಸುರಿದೆ.
ಎಲ್ಲ ಮುಳುಗಿದವು, ಎರಡು ತೇಲಿದವು.
ನಾನು ಎತ್ತಿ ಎಸೆಯುವ ಮೊದಲೇ ಅಮ್ಮ ತೆಗೆದು, ಒರೆಸಿ,
ಜೇಬಿಗೆ ಹಾಕಿಕೊಂಡಳು.
"ಇರಲಿ," ಎಂದಳು, "ಎಣ್ಣೆಗಾದರೂ ಆಗುತ್ತವೆ."