ಉಗುಳು

ಆರು ಗಾಲಿಯ ಮರಿಯೇ,
ನುಗ್ಗೇಹಳ್ಳಿ ಸ್ಕೂಲಿನ ಸುಣ್ಣದ ಗೋಡೆಯ ಮೇಲೆ ನಿನ್ನ ಚಿತ್ರ ಬಿತ್ತು,
ಪ್ರೊಜೆಕ್ಟರು ಹಿಡಿದು ನಿಂತವನು ನಾನು.
'ಏ, ನಮ್ಮ ಬೈರಾಪುರದ ಮಣ್ಣು!' ಅಂತ ಕೂಗಿದವು ಮಕ್ಕಳು.
ಮೇಷ್ಟ್ರು ನಕ್ಕರು. ನಾನು ನಗಲಿಲ್ಲ.

ಇಪ್ಪತ್ತೆರಡು ವರ್ಷ ಬೈರಾಪುರದ ಕ್ರೋಮ್ ಗಣಿಯಲ್ಲಿ
ಕೋರ್ ಪೆಟ್ಟಿಗೆಗೆ ನಂಬರು ಬರೆದವನು.
ನೆಲದ ಹೊಟ್ಟೆಯಿಂದ ಬಂದ ಕಲ್ಲಿನ ಕೋಲು,
ಮೇಲಿನದು ಎಡಕ್ಕೆ, ಆಳದ್ದು ಬಲಕ್ಕೆ.
ಒಂದು ತುಂಡು ಅದಲುಬದಲಾದರೆ
ಭೂಮಿಯೇ ತಲೆಕೆಳಗು.

ನೀನೂ ಅದೇ ಕೆಲಸದವ.
ಬ್ರಷ್ಷಾಡಿಸುತ್ತೀ, ಉಜ್ಜುತ್ತೀ, ಬೈರಿಗೆ ಇಳಿಸುತ್ತೀ,
ಬೆರಳುದ್ದದ ಚೂರಿಗೆ ಬಿರಡೆ ಬಿಗಿದು
ಯಾರೋ ಬಂದು ಒಯ್ದಾರೆಂದು
ಬಯಲಲ್ಲಿ ಇಟ್ಟು ಮುಂದೆ ಹೋಗುತ್ತೀ.
ನಂಬರು ಸರಿಯಾಗಿ ಹಾಕಿದರಾ?
ನನಗೆ ಅದೇ ಚಿಂತೆ.

ಇಲ್ಲಿಂದ ಹೊರಟ ಅಪ್ಪಣೆ ನಿನ್ನ ಮುಟ್ಟುವಷ್ಟರಲ್ಲಿ
ಇಲ್ಲಿ ಒಂದು ಪಾತ್ರೆ ಅನ್ನ ಬೆಂದಿರುತ್ತದೆ.
ಅದಕ್ಕೇ ಗುಂಡಿ ಕಂಡರೆ
ಯಾರನ್ನೂ ಕೇಳದೆ ನಿಲ್ಲುವುದ ಕಲಿತಿದ್ದೀ.

ನಮ್ಮ ಡ್ರಿಲ್ಲರ್ ಮೊಹಿದ್ದೀನ್ ಸಾಬರು
ಕೋರು ಮೇಲೆ ಬಂದೊಡನೆ ಒರೆಸಿ
ನಾಲಿಗೆಯ ತುದಿ ತಾಗಿಸುತ್ತಿದ್ದರು.
'ಒಣಕಲ್ಲು ಸುಳ್ಳು ಹೇಳ್ತದೆ ಕಣಪ್ಪ,
ಒದ್ದೆ ಮಾಡು, ಬಾಯಿ ಬಿಡ್ತದೆ.'
ಬರೀ ಬೂದಿ ಬಣ್ಣದ್ದು, ಉಗುಳು ತಾಗಿದ್ದೇ
ಹಸಿರುಹಾವಿನ ಬೆನ್ನು,
ನಡುನಡುವೆ ಕ್ರೋಮಿನ ಕರಿ ಎಳ್ಳು.

ಧೂಳಿಗೆ ಸೋತಿತು ಸಾಬರ ಎದೆ,
ಹಾಸನದ ಆಸ್ಪತ್ರೆಯಲ್ಲಿ ಮೂರು ವಾರ.
ನಿನ್ನ ಅಣ್ಣನೊಬ್ಬನದೂ ಹಾಗೇ ಆಯಿತಂತೆ,
ಧೂಳೆದ್ದು ಬಾನು ಮುಚ್ಚಿ
ಬಿಸಿಲೇ ಒಳಗಿಳಿಯಲಿಲ್ಲವಂತೆ.

ನಿನಗೆ ಲೇಸರ್ ಇದೆ. ದೂರದಿಂದಲೇ ಕಲ್ಲು ಸುಟ್ಟು
ಕಿಡಿಯ ಬಣ್ಣ ಓದಿ
ಇದರಲ್ಲಿ ಮೆಗ್ನೀಸಿಯಂ ಎನ್ನುತ್ತೀ.
ಒಪ್ಪಿದೆ.
ಆದರೆ ತಮ್ಮಾ, ನೀನು ಹುಡುಕಿ ಹೋದದ್ದು ನೀರ ಗುರುತನ್ನ,
ಬತ್ತಿ ಕೋಟಿ ಕೋಟಿ ವರ್ಷವಾದ ಹೊಳೆಯ ದಂಡೆಯಲ್ಲಿ,
ನಿನ್ನ ಬಾಯಲ್ಲೋ
ಒಂದು ಹನಿ ಉಗುಳಿಲ್ಲ.

ಪಾಠ ಮುಗಿದು ಮಕ್ಕಳೆಲ್ಲ ಊಟಕ್ಕೆ ಓಡಿದರು.
ಹಿಂದಿನ ಬೆಂಚಿನ ಚಿಕ್ಕತಾಯಿ ಒಬ್ಬಳೇ ಗೋಡೆಯ ಹತ್ತಿರ ಬಂದಳು,
ನೀನು ಕೊರೆದ ಕಲ್ಲನ್ನೇ ನೋಡಿದಳು,
ಬೆರಳು ಬಾಯಿಗಿಟ್ಟು, ತೆಗೆದು,
ಆ ಕಲ್ಲಿಗೆ ಒತ್ತಿದಳು.
ಸುಣ್ಣ ಒಂದಿಷ್ಟು ಕಪ್ಪಾಯಿತು.

ಅಷ್ಟರಲ್ಲಿ ಮೇಷ್ಟ್ರು ಕರೆಂಟು ತೆಗೆದು
ವೈರು ಸುತ್ತಿಡಯ್ಯಾ ಎಂದರು.
ಸುತ್ತುತ್ತಾ ನೋಡಿದೆ,
ನೀನಿಲ್ಲ, ಕಲ್ಲಿಲ್ಲ,
ಬೆರಳ ಗುರುತು ಇನ್ನೂ ಆರಿರಲಿಲ್ಲ.